ಕಂಬಾರನ ಕೈಗೆ ಎಟುಕದ ಕಾಡತೂಸು

ಕಿತ್ತೂರಿನ ಕಥೆ ಹೇಳುವಾಗ ನಾವು ಕತ್ತಿಯನ್ನೇ ಹೆಚ್ಚು ನೆನೆಯುತ್ತೇವೆ. ಆದರೆ 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಕೆಡವಿದ್ದು ಅಮಟೂರು ಬಾಳಪ್ಪನ ಗುಂಡು. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಸೀಮೆಯ ಇತಿಹಾಸ ಓದುವಾಗಲೆಲ್ಲ ಒಂದು ಪ್ರಶ್ನೆ ನನ್ನನ್ನು ಕಾಡುತ್ತದೆ: ಅಂದು ಎರಡೂ ಕಡೆ ಇದ್ದ ಬಂದೂಕು ಆಮೇಲೆ ಜನರ ಕೈತಪ್ಪಿದ್ದು ಹೇಗೆ?

ಅಂದಿನ ಬಂದೂಕಿಗೆ ನಳಿಗೆಯ ಬಾಯಿಂದಲೇ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಜಡಿಯಬೇಕಿತ್ತು. ಸುಟ್ಟ ಮೇಲೆ ಒಳಗೆ ಉಳಿಯುತ್ತಿದ್ದುದು ಮಸಿ ಮಾತ್ರ. ಸೀಸದ ಗುಂಡನ್ನು ಊರಲ್ಲೇ ಎರಕ ಹೊಯ್ಯಬಹುದಿತ್ತು. ಪೆಟ್ಲುಪ್ಪು, ಗಂಧಕ, ಇದ್ದಿಲು ಕೂಡಿಸಿ ಮದ್ದು ಅರೆಯಬಹುದಿತ್ತು. ಕೆಟ್ಟದ್ದನ್ನು ಕಂಬಾರ ಸರಿಪಡಿಸುತ್ತಿದ್ದ.

1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಆಜ್ಞೆ ಬಂದಾಗ ಮುಧೋಳ ಸೀಮೆಯ ಹಲಗಲಿ ಬೇಡರು ಒಪ್ಪದೆ ಹೋರಾಡಿದರು. ಮರುವರ್ಷ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬರ ಪಡೆ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದಿತು. ಎರಡೂ ದಂಗೆಗಳನ್ನು ಸರಕಾರ ಹತ್ತಿಕ್ಕಿತು. 1878ರ ಕಾಯ್ದೆ ಬಂದೂಕಿಗೆ ಪರವಾನಗಿ ಕಡ್ಡಾಯ ಮಾಡಿತು.

ಕಾನೂನು ಮಾಡಿದ್ದನ್ನು ಯಂತ್ರ ಪೂರ್ತಿಗೊಳಿಸಿತು. ಶತಮಾನದ ಕೊನೆಗೆ ಬಂದ .303 ಲೀ-ಎನ್‌ಫೀಲ್ಡ್ ರೈಫಲ್‌ನಲ್ಲಿ ಮದ್ದು, ಗುಂಡು, ಕಿಡಿ ಮೂರೂ ಒಂದೇ ಹಿತ್ತಾಳೆ ಕಾಡತೂಸಿನಲ್ಲಿದ್ದವು. ಪೆಟ್ಟಿಗೆಯೊಳಗಿನ ಸ್ಪ್ರಿಂಗ್ ಕಾಡತೂಸನ್ನು ಮೇಲೆತ್ತುತ್ತದೆ. ಬಾಗಿಲ ಚಿಲಕದಂತಿರುವ ಬೋಲ್ಟ್ ಮುಂದೆ ಸರಿದು ಅದನ್ನು ನಳಿಗೆಗೆ ತಳ್ಳುತ್ತದೆ. ಬೋಲ್ಟಿನ ತುದಿಯ ಪುಟ್ಟ ಕೊಕ್ಕೆ ಕಾಡತೂಸಿನ ತಳದ ಅಂಚನ್ನು ಹಿಡಿಯುತ್ತದೆ, ಅದೇ ಎಕ್ಸ್‌ಟ್ರ್ಯಾಕ್ಟರ್. ಗುಂಡು ಹಾರಿದ ಮೇಲೆ ಬೋಲ್ಟ್ ಹಿಂದಕ್ಕೆಳೆದರೆ ಖಾಲಿ ಕೋಶ ಕೊಕ್ಕೆಯೊಡನೆ ಹೊರಬಂದು ಬದಿಗೆ ಸಿಡಿಯುತ್ತದೆ. ಆ ಅಂಚೇ ತೊಡಕೂ ಆಗಬಲ್ಲದು: ಮೇಲಿನ ಕಾಡತೂಸಿನ ಅಂಚು ಕೆಳಗಿನದರ ಹಿಂದೆ ಕೂತರೆ ಎರಡೂ ಸಿಕ್ಕಿಕೊಳ್ಳುತ್ತವೆ. ಹಾಗಾಗಿ ಐದೈದು ಕಾಡತೂಸುಗಳನ್ನು ಪಟ್ಟಿಯಲ್ಲಿ ಸರಿಯಾಗಿ ಜೋಡಿಸಿ ಪೆಟ್ಟಿಗೆಗೆ ಒತ್ತುತ್ತಿದ್ದರು, ಹಿಡಿಸುತ್ತಿದ್ದುದು ಹತ್ತು.

ಕೊಕ್ಕೆ ಹಿಡಿಯಬೇಕಾದರೆ ಅಂಚು ಕೂದಲೆಳೆಯಷ್ಟೂ ತಪ್ಪಬಾರದು. ಕೋಶ ಒತ್ತಡಕ್ಕೆ ಹಿಗ್ಗಿ ನಳಿಗೆಗೆ ಅಂಟಿಕೊಂಡೇ ಉಳಿಯಬಾರದು. ಇದು ಊರ ಕುಲುಮೆಯ ಕೆಲಸವಲ್ಲ. ಅದಕ್ಕೆ 1869ರಲ್ಲಿ ಪುಣೆ ಬಳಿಯ ಖಡಕಿಯಲ್ಲಿ ಶುರುವಾದಂಥ ಸರಕಾರಿ ಕಾರ್ಖಾನೆಯೇ ಬೇಕು.

1942ರಲ್ಲಿ ಬೆಳಗಾವಿ ಜಿಲ್ಲೆಯ ಹೋರಾಟಗಾರರು ತಂತಿ ಕತ್ತರಿಸಿದರು, ಟಪಾಲು ಚೀಲ ಕಸಿದರು. ಅದಕ್ಕೆ ಗಾಂಧೀಜಿಯ ದಾರಿ ಮೊದಲ ಕಾರಣ. ಆದರೆ ಈ ಲೆಕ್ಕವನ್ನೂ ಮರೆಯಬಾರದು: ಬಾಳಪ್ಪನ ಕಾಲದಲ್ಲಿ ಬಂದೂಕು ಸಿಕ್ಕರೆ ಯುದ್ಧ ಮುಂದುವರಿಸಬಹುದಿತ್ತು. ಪೊಲೀಸರಿಂದ ಕಸಿದ ರೈಫಲ್ ಮಾತ್ರ ಕೊನೆಯ ಕಾಡತೂಸು ಮುಗಿದೊಡನೆ ಬರೀ ಬಡಿಗೆ.