ಬ್ರಹ್ಮಗಿರಿ ಬಂಡೆ ಮತ್ತು ನನ್ನ ರಾಂಗ್ ಸೈಡ್

ಇವತ್ತಿನ ಎಪಿಸೋಡ್ ಒಂದು ತಪ್ಪೊಪ್ಪಿಗೆಯಿಂದ ಶುರು.

ಹೋದ ವರ್ಷ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೊರಟಿದ್ದೆ. ಹಿಂದೆ ಅಮ್ಮ ಕೂತಿದ್ರು. ಹೆದ್ದಾರೀಲಿ ಯು-ಟರ್ನ್ ದೂರ ಅಂತ ರಾಂಗ್ ಸೈಡಿಗೆ ನುಗ್ಗಿಸಿದೆ. ಎದುರಿಗೆ ಶೇಂಗಾ ಲಾರಿ ಬಂತು. ಬೈಕನ್ನ ಮಣ್ಣಿಗಿಳಿಸಿದೆ, ಅಮ್ಮ ಬಿದ್ರು. ಅವರ ಮೊಣಕಾಲು ಇವತ್ತಿಗೂ ಪೂರ್ತಿ ಮಡಚಲ್ಲ. ಅವರು ನನ್ನ ಬೈಲಿಲ್ಲ. "ಹೋಗ್ಲಿ ಬಿಡಪ್ಪಾ, ಎಲ್ರೂ ಹಂಗೇ ಓಡಿಸ್ತಾರೆ" ಅಂದ್ರು.

ಬೈದಿದ್ರೇ ವಾಸಿ ಇತ್ತು. ಗೊತ್ತಿದ್ದೂ ಗೊತ್ತಿದ್ದೂ ನಾವ್ಯಾಕೆ ಹೀಗೆ?

ನಾನು ಬಿ.ಕಾಂ. ಓದಿದವನು, ಮೊದಲು ಲೆಕ್ಕ ಹಾಕಿದೆ. ದಂಡ ಎಷ್ಟು, ಸಿಕ್ಕಿಬೀಳೋ ಸಾಧ್ಯತೆ ಎಷ್ಟು? 2019ರ ಸೆಪ್ಟೆಂಬರ್ 1ಕ್ಕೆ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಹೆಲ್ಮೆಟ್ ಇಲ್ಲದಿದ್ರೆ ದಂಡ 100 ರೂಪಾಯಿಯಿಂದ 1,000ಕ್ಕೆ ಏರಿತು. ಜನ ಗಲಾಟೆ ಮಾಡಿದ್ರು, ಅದೇ ತಿಂಗಳು ನಮ್ಮ ರಾಜ್ಯದಲ್ಲಿ ಅದು 500ಕ್ಕೆ ಇಳೀತು. 2023ರ ಫೆಬ್ರವರೀಲಿ ಬಾಕಿ ದಂಡಕ್ಕೆ 50% ರಿಯಾಯಿತಿ ಕೊಟ್ರು, ಜನ ಕ್ಯೂ ನಿಂತು ಕಟ್ಟಿದ್ರು. ಆಮೇಲೂ ಇಂಥ ಆಫರ್ ಬಂತು. ಅಲ್ಲಿಗೆ ದಂಡ ಅನ್ನೋದು ಶಿಕ್ಷೆಯಾಗಿ ಉಳೀಲಿಲ್ಲ, ಡಿಸ್ಕೌಂಟಿಗೆ ಕಾಯೋ ಬಿಲ್ ಆಯ್ತು.

ಆದ್ರೆ ಆ ದಿನ ನಾನು ದಂಡದ ಲೆಕ್ಕಾನೇ ಹಾಕಿರಲಿಲ್ಲ. ಮುಂದೆ ಇಬ್ರು ಹೋದ್ರು, ನಾನೂ ಹೋದೆ. ಅಷ್ಟೇ.

ಈಗ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಬನ್ನಿ. ಕ್ರಿ.ಪೂ. 3ನೇ ಶತಮಾನದಲ್ಲಿ ಅಶೋಕ ಇಲ್ಲಿ ಬಂಡೆ ಮೇಲೆ ನಿಯಮ ಕೆತ್ತಿಸಿದ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದ್ರೆ ಅಧಿಕಾರಿಗಳಿಗೆ, ಬಂದ ಆದೇಶ ಅದು. ತಂದೆತಾಯಿ ಮಾತು ಕೇಳಿ, ಜೀವಿಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ. ದಂಡದ ಪಟ್ಟಿ ಎಲ್ಲೂ ಇಲ್ಲ.

ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿ ಶಾಸನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೆ. ಇದನ್ನ ಯಾರಿಗೆಲ್ಲ ತಿಳಿಸಿ ಹೇಳಬೇಕು ಅನ್ನೋ ಪಟ್ಟಿ ಅದರಲ್ಲಿದೆ. ಆನೆ ಓಡಿಸೋರು, ಲಿಪಿಕಾರರು, ಬ್ರಾಹ್ಮಣರ ಜೊತೆ 'ಯುಗ್ಯಾಚಾರ್ಯರು', ಅಂದ್ರೆ ರಥದ ಕುದುರೆ ಪಳಗಿಸೋ ಗುರುಗಳೂ ಇದ್ದಾರೆ. ಒಂಥರಾ ಆ ಕಾಲದ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು! ಅವರು ತಮ್ಮ ಶಿಷ್ಯರಿಗೆ ಹೇಳಬೇಕಿತ್ತು.

ಹಾಗಂತ ಆಗ ಎಲ್ಲರೂ ಪಾಲಿಸಿದ್ರು ಅಂತ ನಾನು ಹೇಳ್ತಿಲ್ಲ. ಹೇಳೋರು ನಿಂತ ಮೇಲೆ ಬ್ರಾಹ್ಮಿ ಲಿಪಿಯೇ ಜನರಿಗೆ ಮರೆತುಹೋಯ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನ ಓದಿದ. 1892ರಲ್ಲಿ ಬಿ.ಎಲ್. ರೈಸ್ ನಮ್ಮ ಬಂಡೆ ಗುರುತಿಸಿದ್ರು. ಅಲ್ಲೀವರೆಗೆ ಅದರ ಅರ್ಥ ಊರಿನೋರಿಗೆ ತಿಳಿದಿರಲಿಲ್ಲ, ಗೀಚಿದ ಕಲ್ಲಿದ್ದ ಹಾಗೆ.

ಹೆದ್ದಾರಿ ಬೋರ್ಡೂ ಹಂಗೇ. 'ಎಲ್ರೂ ಹಂಗೇ ಓಡಿಸ್ತಾರೆ' ಅಂತ ಮನೇಲೇ ಹೇಳ್ಕೊಡ್ತಾ ಹೋದ್ರೆ, ಅದೂ ಗೀಚಿದ ತಗಡು.

ಈಗ ನಾನು ಯು-ಟರ್ನ್‌ವರೆಗೂ ಹೋಗ್ತೀನಿ. ಐದು ನಿಮಿಷ ಜಾಸ್ತಿ. ಮೊನ್ನೆ ಹಿಂದಿಂದ ಅಮ್ಮ ಕೇಳಿದ್ರು, "ಯಾಕಪ್ಪಾ ಇಷ್ಟು ಸುತ್ತು?"

"ನಿನ್ ಮೊಣಕಾಲಿಗೆ ಕಣಮ್ಮಾ" ಅಂದೆ. ಅವರು ಏನೂ ಮಾತಾಡ್ಲಿಲ್ಲ, ನನ್ನ ಹೆಗಲು ಗಟ್ಟಿಯಾಗಿ ಹಿಡ್ಕೊಂಡ್ರು.