ಚಿನ್ನದ ಗಣಿಯ ಪ್ರತಿರೋಧ: ಮೂರು ತಲೆಮಾರು

ಮಾಲೂರು ಸೀಮೆಯ ಮಾಸ್ತಿ, ಮುಳಬಾಗಿಲಿನ ಡಿ.ವಿ.ಜಿ. ಇವರಿಂದ ಕೋಲಾರ ಜಿಲ್ಲೆ ಸಾಹಿತ್ಯಚರಿತ್ರೆಗೆ ಸುಪರಿಚಿತ. ಅದೇ ನೆಲದ ಗಣಿಕಾರ್ಮಿಕರ ಪ್ರತಿರೋಧಕ್ಕೆ ಅಷ್ಟು ಪ್ರಸಿದ್ಧಿಯಿಲ್ಲ.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂದಿತು. ತಮಿಳು ಸೀಮೆಯ ದಲಿತ ಕುಟುಂಬಗಳು ಬಹುಸಂಖ್ಯೆಯಲ್ಲಿ ಗಣಿಗಿಳಿದವು. ಚಿನ್ನದ ಕಳವು ತಡೆಯುವ ಹೆಸರಿನಲ್ಲಿ ದುಡಿಯುವವರ ಮೈಯೂ ಮನೆಯೂ ಕಾವಲಿಗೊಳಪಟ್ಟವು. 1930ರಲ್ಲಿ ಬೆರಳಚ್ಚು ಕಡ್ಡಾಯವೆಂದಾಗ ಕಾರ್ಮಿಕರು ಕೆಲಸ ನಿಲ್ಲಿಸಿದರು. ಮುಂದಿನ ತಲೆಮಾರು ಕಮ್ಯುನಿಸ್ಟ್ ನಾಯಕ ಕೆ.ಎಸ್. ವಾಸನ್ ಅವರ ಮುಂದಾಳುತನದಲ್ಲಿ ಸಂಘಟಿತವಾಯಿತು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಮಂದಿ ಬಲಿಯಾದರು.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ಅದೇ ವರ್ಷ ಹಂಗೇರಿಯ ಕಾರ್ಮಿಕರು ಕಮ್ಯುನಿಸ್ಟ್ ಪ್ರಭುತ್ವದ ವಿರುದ್ಧವೇ ಎದ್ದರು. ಸೋವಿಯತ್ ಟ್ಯಾಂಕುಗಳು ಅವರನ್ನು ಅಡಗಿಸಿದವು. ಕೋಲಾರದಲ್ಲಿ ಪ್ರತಿರೋಧದ ನುಡಿಯಾಗಿದ್ದ ಸಿದ್ಧಾಂತ ಬುಡಾಪೆಸ್ಟ್‌ನಲ್ಲಿ ಆಳುವವರ ನುಡಿಯಾಗಿತ್ತು. ಸಿದ್ಧಾಂತವನ್ನು ಅದರ ಹೆಸರಿನಿಂದಲ್ಲ, ಅದು ಯಾರ ಕೈಯಲ್ಲಿದೆ, ಯಾರ ಮೇಲೆ ಪ್ರಯೋಗವಾಗುತ್ತಿದೆ ಎಂಬುದರಿಂದ ಅಳೆಯಬೇಕು. ಅನೇಕಾಂತದೃಷ್ಟಿ ಚರಿತ್ರೆಕಾರನಿಂದ ಬೇಡುವ ಎಚ್ಚರವೂ ಇದೇ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಬಾಕಿ ಹಣಕ್ಕಾಗಿ, ವಾಸದ ಮನೆಯ ಹಕ್ಕಿಗಾಗಿ ಮೂರನೆಯ ತಲೆಮಾರು ಹೋರಾಟಕ್ಕಿಳಿಯಿತು. ಪ್ರಭುತ್ವಗಳು ಬದಲಾದವು; ಬೇಡಿಕೆ ಮಾತ್ರ ಘನತೆಯ ಬದುಕಿನದಾಗಿಯೇ ಉಳಿಯಿತು.