ಕರಿಕಲ್ಲು ದುಬಾರಿ ಏಕೆ?

ಚಾಮರಾಜನಗರ ಸೀಮೆಯ ಕರಿಕಲ್ಲಿಗೆ ಹೊರನಾಡಿನಲ್ಲೂ ಬೆಲೆಯಿರುವುದು ಬಣ್ಣ ಅಪರೂಪವೆಂದಲ್ಲ, ಬಿರುಕಿಲ್ಲದ ದೊಡ್ಡ ದಿಮ್ಮಿ ಅಪರೂಪವೆಂದು. ವ್ಯಾಪಾರದಲ್ಲಿ ಗ್ರಾನೈಟ್ ಎನಿಸಿಕೊಂಡರೂ ಇದು ಡಾಲರೈಟ್. 250 ಕೋಟಿ ವರ್ಷಕ್ಕೂ ಹಳೆಯ ನೈಸ್ ಶಿಲೆಯ ಸೀಳುಗಳಿಗೆ ನುಗ್ಗಿದ ಶಿಲಾರಸ ನೆಲದೊಳಗೇ ಆರಿ ಗಟ್ಟಿಯಾಯಿತು. ಸಣ್ಣ ಹರಳುಗಳು ಒತ್ತಾಗಿ ಹೆಣೆದುಕೊಂಡಿರುವುದರಿಂದಲೇ ಉಜ್ಜಿದಾಗ ಕನ್ನಡಿಯ ಹೊಳಪು ಬರುತ್ತದೆ. ವಾಷಿಂಗ್ಟನ್ನಿನಲ್ಲಿ 1982ರಲ್ಲಿ ಎದ್ದ ವಿಯೆಟ್ನಾಂ ಯೋಧರ ಸ್ಮಾರಕದ ಗೋಡೆಗೂ ಬೆಂಗಳೂರು ಕಡೆಯ ಕಪ್ಪುಶಿಲೆಯನ್ನೇ ಆರಿಸಿದರು. ಅದರ ಮೇಲೆ 58 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ.

ಇಂಥ ಶಿಲೆಯ ಪಟ್ಟಿಗಳು ಕಿಲೋಮೀಟರುಗಟ್ಟಲೆ ಹರಡಿರುವಾಗ ಕೊರತೆ ಎಲ್ಲಿಂದ ಬಂತು ಎಂದು ಕೇಳಬಹುದು. ಉದ್ದವೇನೋ ಇದೆ, ಅಗಲವಿಲ್ಲ. ಆರುವಾಗ ಕುಗ್ಗಿ ಬಿಟ್ಟ ಬಿರುಕುಗಳು ಪಟ್ಟಿಯನ್ನು ತುಂಡರಿಸಿವೆ; ಮೇಲ್ಭಾಗವಂತೂ ಮಳೆಬಿಸಿಲಿಗೆ ಸವೆದು ಉರುಟು ಗುಂಡುಗಳಾಗಿದೆ. ಬಿಳಿ ಗೆರೆಯೊಂದು ಹಾದರೂ ದಿಮ್ಮಿಯ ಬೆಲೆ ಬಿದ್ದಂತೆಯೇ. ಕ್ವಾರಿಗಳ ಪಕ್ಕದ ತ್ಯಾಜ್ಯದ ಗುಡ್ಡೆಗಳೇ ಇದಕ್ಕೆ ಸಾಕ್ಷಿ. ಕಾನೂನಿನ ಬಿಗಿಯೇ ಬೆಲೆ ಏರಿಸಿತೆಂಬ ದೂರೂ ಉಂಟು. ಇದೇ ಸೀಮೆಯ ಬಂಡೀಪುರ ಕಾಡು 1973ರಲ್ಲಿ ಹುಲಿ ಯೋಜನೆಗೆ ಸೇರಿತು. 2012ರಲ್ಲಿ ಅದರ ಸುತ್ತ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಗಿ ಗಣಿಗಾರಿಕೆಗೆ ತಡೆ ಬಿತ್ತು. ದೂರಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ನಿರ್ಬಂಧವಿಲ್ಲದ ಕಡೆಯೂ ಅಗೆದದ್ದರಲ್ಲಿ ಬಹುಪಾಲು ತ್ಯಾಜ್ಯವೇ. ಒಮ್ಮೆ ಒಡೆದ ಪಟ್ಟಿ ಮತ್ತೆ ಬೆಳೆಯದು. ಕಾಡಂಚಿನವನ್ನು ಮುಟ್ಟದಿರುವುದೇ ಸರಿ.